ಮೇಲಿನ ಮರಳು, ಕೆಳಗಿನ ಮರಳು

೧

ಎಲ್ಲಿಂದ ಶುರು ಮಾಡಲಿ?

ಗುಂಡಿನ ಸದ್ದಿನಿಂದ ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ, ನನಗೆ ಗೊತ್ತು. ಆದರೆ ಗುಂಡು ಹಾರಿದ ಮೇಲೆ ಈ ದೊರೆ ಮತ್ತು ಅವನ ಹೆಂಡತಿಯ ಬಗ್ಗೆ ಹೇಳಲು ಏನು ಉಳಿಯುತ್ತದೆ? ಮದುವೆಯಿಂದ ಶುರು ಮಾಡಬಹುದಿತ್ತು. ಮಾಡಿಯೂ ಇದ್ದೆ. ಆ ಡ್ರಾಫ್ಟಿನಲ್ಲಿ ಹನ್ನೊಂದು ಪುಟ ಬರೀ ಕುದುರೆಗಾಡಿಗಳೇ ಬಂದವು. ವಧು ಮೂರನೆಯ ಗಾಡಿಯಲ್ಲಿ ಕೂತಿದ್ದಳು, ಇನ್ನೂ ಇಗರ್ಜಿಯ ಬಾಗಿಲು ತಲುಪಿರಲಿಲ್ಲ. ಡಿಲೀಟ್ ಮಾಡಿದೆ. (ಕಾಯುವುದು ಅವಳಿಗೆ ಅಭ್ಯಾಸವಾಗಿತ್ತು ಅನ್ನಿಸುತ್ತದೆ.)

ನನ್ನ ಅಜ್ಜ ಒಂಟಿ ತಂತಿಯ ಗುಸ್ಲೆ ವಾದ್ಯವನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು, ಕಣ್ಣು ಮುಚ್ಚಿ, ಈ ದೊರೆಯ ಸಾವನ್ನು ಮುನ್ನೂರು ಸಾಲಿನಲ್ಲಿ ಹಾಡುತ್ತಿದ್ದ. ನಾನು ಒಲೆಯ ಪಕ್ಕ ಸದ್ದಿಲ್ಲದೆ ಕೂತು ಕೇಳುತ್ತಿದ್ದೆ. ಅದನ್ನು ಕೇಳುವಾಗ ಮಧ್ಯೆ ಕೆಮ್ಮುವುದೂ ತಪ್ಪು ಅಂತ ನಾನು ನಂಬಿದ್ದೆ. ಆ ಹಾಡಿನಲ್ಲಿ ದೊರೆಯ ಕುದುರೆಗೆ ಹೆಸರಿತ್ತು. ಖಡ್ಗಕ್ಕೆ ಹೆಸರಿತ್ತು. ಕೊಂದವರಿಗೂ ಹೆಸರಿತ್ತು.

"ಹೆಂಡ್ತಿ ಅಜ್ಜಾ? ಅವಳೂ ಸತ್ಲಲ್ಲ?" ಅಂತ ಒಂದೇ ಒಂದು ಸಲ ಕೇಳಿದೆ.

ಅಜ್ಜ ಗುಸ್ಲೆಯ ಕಮಾನಿಗೆ ರಾಳ ಉಜ್ಜುತ್ತಾ, "ಸತ್ಲು. ಹಾಡಲ್ಲಿ ಜಾಗ ಇರ್ಲಿಲ್ಲ" ಅಂದ.

ಆದ್ದರಿಂದ ಹಿಟ್ಟಿನಿಂದ ಶುರು ಮಾಡುತ್ತೇನೆ.

೨

ಶುಕ್ರವಾರ ಮಧ್ಯಾಹ್ನ. ನವೆಂಬರಿನ ಮಂಜು ಬೆಟ್ಟದಿಂದಿಳಿದು ಸ್ತುದೆನಾಟ್ಸ್ ಊರಿನ ಹೊಗೆಕೊಳವೆಗಳವರೆಗೂ ಬಂದು ನಿಂತಿದೆ. (ನಕ್ಷೆಯಲ್ಲಿ ಹುಡುಕಬೇಡಿ. ಈ ಕಥೆ ನಡೆಯುವಷ್ಟು ಹೊತ್ತು ಮಾತ್ರ ಆ ಊರು ಇರುತ್ತದೆ.) ಇಗರ್ಜಿಯ ಹಿಂದಿನ ಕೋಣೆಯಲ್ಲಿ ಯೆವ್ರೊಸಿಮ ಹಿಟ್ಟು ನಾದುತ್ತಿದ್ದಾಳೆ. ಐವತ್ತೆಂಟರ ವಿಧವೆ. ಪೂಜೆಯ ರೊಟ್ಟಿ ಸುಡುವುದು ಅವಳ ಕೆಲಸ. ಅಂಗೈ ಅಗಲದ ದುಂಡು ರೊಟ್ಟಿ, ಮೇಲೆ ಮರದ ಮುದ್ರೆ ಒತ್ತಿದ ಶಿಲುಬೆ. ನಾದುವಾಗ ಮಾತಾಡಬಾರದು, ಪ್ರಾರ್ಥನೆ ಹೇಳಬೇಕು ಅನ್ನುವುದು ನಿಯಮ. ಇಪ್ಪತ್ತು ವರ್ಷದಲ್ಲಿ ಆ ನಿಯಮವನ್ನು ಅವಳು ಒಬ್ಬರಿಗೋಸ್ಕರ ಮಾತ್ರ ಮುರಿದಿದ್ದಾಳೆ.

ಆ ಒಬ್ಬರು ಈಗ ಅವಳೆದುರು, ಹಿಟ್ಟಿನ ಮೂಟೆಯ ಮೇಲೆ, ರೇಷ್ಮೆ ಲಂಗ ಮುದುರಿಕೊಂಡು ಕೂತಿದ್ದಾರೆ.

"ಅವ್ವಾ, ಹಿಟ್ಟು ಇನ್ನೂ ಉಬ್ಬೇ ಇಲ್ವಲ್ಲ."

"ನಿಮ್ಮ ಅರಮನೆ ಹಿಟ್ಟು ಬೇಗ ಉಬ್ಬತ್ತೇನೋ ತಾಯಿ. ಇದು ಬಡವರ ಹಿಟ್ಟು, ಅದಕ್ಕೆ ಮನಸ್ಸು ಬಂದಾಗ ಉಬ್ಬತ್ತೆ."

"ಅರಮನೆ ಅಡುಗೆಮನೆ ಬಾಗ್ಲು ಎಲ್ಲಿದೆ ಅಂತ ನಂಗಿನ್ನೂ ತೋರ್ಸಿಲ್ಲ. ಎಂಟು ವರ್ಷ ಆಯ್ತು."

ಅವಳು ಪೆಲಾಗಿಯ. ಸ್ತುದೆನಾಟ್ಸ್‌ನ ದೋಣಿ ಕಾಯುವವನ ಮಗಳು, ಈಗ ದೊರೆ ದಮ್ಯಾನನ ಹೆಂಡತಿ. ರಾಣಿ ಅಲ್ಲ, ಹೆಂಡತಿ. ಮದುವೆಯ ದಿನ ಪಾದ್ರಿ ಇಬ್ಬರ ತಲೆಯ ಮೇಲೂ ಕಿರೀಟವಿಡುವುದು ನಮ್ಮಲ್ಲಿ ಕೂಲಿಯವನಿಗೂ ತಪ್ಪದ ಶಾಸ್ತ್ರ. ಅವಳ ತಲೆಗೆ ಮಾತ್ರ ಅರಮನೆಯವರು ಒಣ ತುಳಸಿಯ ದಂಡೆ ಕಳಿಸಿದ್ದರು. ದೊರೆ ನಡೆದರೆ ಅವಳು ಮೂವತ್ತು ಹೆಜ್ಜೆ ಹಿಂದೆ ನಡೆಯಬೇಕು. ಇಗರ್ಜಿಯಲ್ಲಿ ಅವನು ಮುಂದಿನ ಪೀಠದ ಮೇಲೆ, ಅವಳು ಬಾಗಿಲ ಪಕ್ಕದ ಕಂಬದ ಹತ್ತಿರ. ರಾಜಪರಿವಾರದ ಪ್ರಾರ್ಥನೆಯಲ್ಲಿ ದೊರೆಯ ಹೆಸರು, ತಾಯಿಯ ಹೆಸರು, ತಮ್ಮನದ್ದು, ತಮ್ಮನ ಹೆಂಡತಿಯದ್ದು, ಮಂತ್ರಿಗಳು, ಸೈನ್ಯ, ಕೊನೆಗೆ 'ಇಲ್ಲಿ ನೆರೆದ ಎಲ್ಲ ಭಕ್ತರು.' ಅವಳು ಆ ಎಲ್ಲ ಭಕ್ತರಲ್ಲಿ ಒಬ್ಬಳು.

ಯೆವ್ರೊಸಿಮ ಅವಳಿಗೆ ಹೆತ್ತ ತಾಯಿಯಲ್ಲ, ಹಾಲೂಡಿದ ತಾಯಿ. ಮೂವತ್ತನಾಲ್ಕು ವರ್ಷದ ಹಿಂದೆ ಯೆವ್ರೊಸಿಮಳ ಕೂಸು ನೆದ ಹನ್ನೊಂದು ದಿನ ಬದುಕಿ ಹೋದಾಗ, ದೋಣಿಯವನ ಹೆಂಡತಿಯೂ ಬಾಣಂತನದಲ್ಲೇ ಹೋಗಿದ್ದಳು. ಒಂದು ಮನೆಯಲ್ಲಿ ಹಾಲಿತ್ತು, ಇನ್ನೊಂದು ಮನೆಯಲ್ಲಿ ಕೂಸಿತ್ತು.

"ಔತಣ ಇದ್ದಾಗ ಪಕ್ಕದ ಕೋಣೇಲಿ ನಂಗೆ ಬೇರೆ ಮೇಜು" ಅಂತ ಪೆಲಾಗಿಯ ನಗುತ್ತಾ ಹೇಳಿದಳು. "ಬಾಗ್ಲು ತೆಗ್ದಿರತ್ತೆ. ಅವರಿಗೆ ನನ್ನ ತೋಳಷ್ಟೇ ಕಾಣತ್ತೆ. ಉಪ್ಪಿನ ಬಟ್ಲು ಎಡಕ್ಕಿಟ್ರೆ ಊಟ ಚೆನ್ನಾಗಿದೆ ಅಂತ. ಬಲಕ್ಕಿಟ್ರೆ ತಲೆನೋವು ಅಂತ. ಅವರು ಅಲ್ಲಿಂದ ಕೆಮ್ತಾರೆ, ಗೊತ್ತಾಯ್ತು ಅಂತ."

"ಎಂಟು ವರ್ಷ ಬರೀ ಕೆಮ್ಮಿದಾನಾ ನಿನ್ನ ಗಂಡ?"

"ಒಳ್ಳೆ ಕೆಮ್ಮು ಅವ್ವಾ. ಪಕ್ಕದಲ್ಲಿ ಕೂತ್ಕೊಂಡು ಬಾಯ್ಬಿಡದ ಗಂಡಂದಿರನ್ನ ನಾನು ನೋಡಿಲ್ವಾ?"

ಯೆವ್ರೊಸಿಮಳಿಗೆ ನಗು ಬಂತು. ಪೂಜೆಯ ಹಿಟ್ಟಿನ ಮೇಲೆ ನಕ್ಕದ್ದಕ್ಕೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಆಗ ಪೆಲಾಗಿಯ ನಗು ನಿಲ್ಲಿಸಿ ಕೇಳಿದಳು:

"ಒಂದು ಸಲ ಪ್ರಾರ್ಥನೇಲಿ ನಮ್ಮಿಬ್ಬರ ಹೆಸ್ರು ಅಕ್ಕಪಕ್ಕ ಓದಿಸ್ತೀಯಾ? ಗಟ್ಟಿಯಾಗಿ, ಜನ ಇರೋವಾಗ. ಎಂಟು ವರ್ಷದಲ್ಲಿ ಒಬ್ರ ಬಾಯಲ್ಲೂ ಒಟ್ಟಿಗೆ ಬಂದಿದ್ದು ಕೇಳಿಲ್ಲ ನಾನು. ಬೈಯೋವಾಗ್ಲೂ ಬೇರೆ ಬೇರೆಯಾಗೇ ಬೈತಾರೆ. ನಾಳೆ ಮಧ್ಯಾಹ್ನ ಅರಮನೆಗೆ ಹೊರಟುಬಿಡ್ತೀವಿ. ನಾಳೆ ಬೆಳಿಗ್ಗೆ ಆದ್ರೆ ಆಯ್ತು."

(ಇಲ್ಲಿ ನಿಲ್ಲಿಸಿದರೆ ಇದು ಒಳ್ಳೆಯ ಕಥೆ. ಹಿಟ್ಟು, ರೇಷ್ಮೆ, ಒಂದು ಸಣ್ಣ ಆಸೆ. ಸಂಪಾದಕರು ಇಷ್ಟಪಡುತ್ತಾರೆ. ನಿಲ್ಲಿಸಲೇ ಅಂತ ಯೋಚಿಸಿದೆ. ಕಿಟಕಿಯಾಚೆ ಮಂಜು ಒಂದು ಮನೆಯಷ್ಟು ಕೆಳಗಿಳಿದಿತ್ತು. ಅದನ್ನು ನಾನು ಬರೆದಿರಲಿಲ್ಲ.)

೩

ಈ ಭಾಗ ಪಾದ್ರಿಯದ್ದು. ಮೊದಲ ಸಲ ಬರೆದಾಗ ಅವರನ್ನು ಹೇಡಿ ಮಾಡಿದ್ದೆ. ಎರಡನೆಯ ಸಲ ಸಂತ ಮಾಡಿದೆ. ಎರಡೂ ಸುಲಭ. ಮೂರನೆಯ ಸಲ ಅವರಿಗೆ ನೆಗಡಿಯಾಗಿದೆ.

ಪಾದ್ರಿ ಮಾಕ್ಸಿಮ್ ಮೂಗು ಒರೆಸಿಕೊಂಡು ಯೆವ್ರೊಸಿಮ ಕೊಟ್ಟ ಚೀಟಿಯನ್ನು ಬೆಳಕಿಗೆ ಹಿಡಿದರು. ನಮ್ಮ ಇಗರ್ಜಿಯಲ್ಲಿ ಪ್ರತಿ ಮನೆಯವರೂ ಎರಡು ಚೀಟಿ ಕೊಡುತ್ತಾರೆ: ಬದುಕಿರುವವರದ್ದೊಂದು, ಸತ್ತವರದ್ದೊಂದು. ಚೀಟಿಯಲ್ಲಿ ಬರೀ ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು. ಮನೆತನ ಇಲ್ಲ, ಪದವಿ ಇಲ್ಲ, ದೊರೆ ಅಂತಿಲ್ಲ, ದೋಣಿಯವನು ಅಂತಿಲ್ಲ. ಪಾದ್ರಿ ಬಲಿಪೀಠದ ಪರದೆಯ ಹಿಂದೆ ಈಟಿಯಂಥ ಸಣ್ಣ ಚಾಕುವಿನಿಂದ ಹೆಸರಿಗೊಂದು ರೊಟ್ಟಿಯ ಚೂರು ಕೆತ್ತಿ ತಟ್ಟೆಯಲ್ಲಿಡುತ್ತಾರೆ. ಬದುಕಿರುವವರದ್ದು ಮೇಲಿನ ಸಾಲು, ಸತ್ತವರದ್ದು ಕೆಳಗಿನ ಸಾಲು. ಮೇಣದಬತ್ತಿಗೂ ಹಾಗೆಯೇ ಎರಡಂತಸ್ತಿನ ತಗಡಿನ ಪೆಟ್ಟಿಗೆ: ಬದುಕಿರುವವರಿಗೆ ಮೇಲಿನ ಮರಳು, ಸತ್ತವರಿಗೆ ಕೆಳಗಿನ ಮರಳು.

"ಆಗಲ್ಲ ಯೆವ್ರೊಸಿಮವ್ವ. ಬದುಕಿರೋರ ಚೀಟೀಲಿ ಇವರಿಬ್ಬರ ಹೆಸ್ರು ಒಟ್ಟಿಗೆ ಇದ್ರೆ ಓದಬಾರ್ದು ಅಂತ ಅರಮನೆಯಿಂದ ಸುತ್ತೋಲೆ ಬಂದಿದೆ. ನೋಡು, ಮುದ್ರೆ ಬೇರೆ ಹಾಕಿದಾರೆ."

"ದೇವರಿಗೂ ಸುತ್ತೋಲೆ ಹೋಗಿದ್ಯಾ ಸ್ವಾಮಿ?"

"ದೇವರಿಗೆ ಬಿಷಪ್ಪರ ಮೂಲಕ ಹೋಗತ್ತೆ" ಅಂದು ಪಾದ್ರಿ ಸೀನಿದರು. ಆಮೇಲೆ ದನಿ ತಗ್ಗಿಸಿ, "ಅವಳು ನಂಗೂ ಮಗಳೇ ಕಣವ್ವ. ಅವಳಿಗೆ ದೀಕ್ಷಾಸ್ನಾನ ಮಾಡ್ಸಿದೋನು ನಾನೇ. ಆದ್ರೆ ನಂಗೆ ಐದು ಜನ ಮಕ್ಕಳು. ನಾಳೆ ಸತ್ತವರ ಶನಿವಾರ ಬೇರೆ, ಆರುನೂರು ಹೆಸರು ಗಟ್ಟಿಯಾಗಿ ಓದ್ಬೇಕು. ಮೂಗು ಕಟ್ಟಿದೆ. ಕಣ್ಣು ಓದತ್ತೆ, ಬಾಯಿ ಹೇಳತ್ತೆ, ನಡುವೆ ನಾನಿರಲ್ಲ. ಹೋಗು, ರೊಟ್ಟಿ ನೋಡ್ಕೋ."

ಯೆವ್ರೊಸಿಮ ಹೊರಟಳು. ಬಾಗಿಲ ಬಳಿ ನಿಂತಳು. ಸುತ್ತೋಲೆಯಲ್ಲಿ ಬದುಕಿರುವವರ ಚೀಟಿ ಅಂತ ಮಾತ್ರ ಬರೆದಿತ್ತು.

ಅವಳು ದಡ್ಡಿಯಲ್ಲ. ದೇವರ ಹೆದರಿಕೆ ಇಲ್ಲದವಳೂ ಅಲ್ಲ. ಆದರೆ ಇಪ್ಪತ್ತು ವರ್ಷ ಪರದೆಯ ಈಚೆ ನಿಂತು ನೋಡಿದವಳು. ಪೂಜೆ ಮುಗಿದ ಮೇಲೆ ಪಾದ್ರಿ ಮೇಲಿನ ಸಾಲಿನ ಚೂರನ್ನೂ ಕೆಳಗಿನ ಸಾಲಿನ ಚೂರನ್ನೂ ಒಂದೇ ಬಟ್ಟಲಿನ ದ್ರಾಕ್ಷಾರಸಕ್ಕೆ ಸರಿಸುತ್ತಾರೆ. ಅಲ್ಲಿ ಯಾರದು ಯಾವ ಚೂರು ಅಂತ ದೇವರೇ ಹೇಳಬೇಕು. ಕೊನೆಗೆ ಎಲ್ಲ ಒಂದೇ ಬಟ್ಟಲಿಗೆ ತಾನೆ ಅಂದುಕೊಂಡಳು.

ಮನೆಗೆ ಹೋಗಿ ತನ್ನ ಮನೆಯ ಸತ್ತವರ ಚೀಟಿ ತೆಗೆದಳು. ಅದರಲ್ಲಿ ಎರಡೇ ಹೆಸರಿದ್ದವು: ಗಂಡ ಸ್ಪಿರಿದೋನ್, ಕೂಸು ನೆದ. ಅದರ ಕೆಳಗೆ ಬರೆದಳು:

ದಮ್ಯಾನ್, ಪೆಲಾಗಿಯ.

೩ (ಮತ್ತೆ)

ಆ ಸಾಲು ಬರೆದ ದಿನವೇ ಅವಳು ಬಂದಳು.

ಮಧ್ಯಾಹ್ನದ ಬಿಸಿಲಿತ್ತು. ನಾನು ಕಾಫಿ ಆರಲು ಬಿಟ್ಟು ಕಂಪ್ಯೂಟರ್ ಪರದೆ ನೋಡುತ್ತಿದ್ದೆ. ಎದುರಿನ ಕುರ್ಚಿ ಸರಿದ ಸದ್ದಾಯಿತು. ತಲೆಯೆತ್ತಿದರೆ ಕಪ್ಪು ತಲೆವಸ್ತ್ರದ ಹೆಂಗಸು, ಮೊಣಕೈವರೆಗೆ ಹಿಟ್ಟು. (ಪಾತ್ರಗಳು ಲೇಖಕನನ್ನು ಭೇಟಿಯಾಗುವುದು ಎಷ್ಟು ಸವೆದ ತಂತ್ರ ಅಂತ ನನಗೂ ಗೊತ್ತು. ನಾನೇನೂ ಕರೆದಿರಲಿಲ್ಲ.)

"ಏ ಕಥೆ ಬರಿಯೋನೆ, ಅದನ್ನ ಅಳಿಸು."

"ಯಾವುದನ್ನ?"

"ಗೊತ್ತಿಲ್ದೇ ಇರೋ ಹಂಗೆ ಆಡ್ಬೇಡ. ಗುಸ್ಲೆಯವನ ಮೊಮ್ಮಗ ನೀನು. ಆ ಎರಡು ಹೆಸ್ರು. ಅದನ್ನ ಬರೆದಿದ್ದು ನಾನಲ್ಲ, ನೀನು."

"ನೀವು ಬರೆದದ್ದನ್ನ ನಾನು ಬರೆದೆ ಅವ್ವ."

"ನನ್ನ ಕೈ ಹಿಟ್ಟಲ್ಲಿತ್ತು. ಹಿಟ್ಟಿನ ಕೈಲಿ ಯಾರಾದ್ರೂ ಸೀಸದ ಕಡ್ಡಿ ಹಿಡೀತಾರಾ? ಹಿಡಿಸಿದ್ದು ನೀನು. ನಾಳೆ ಬೆಳಿಗ್ಗೆ ಏನಾಗತ್ತೆ ಅಂತ ಗೊತ್ತಿದ್ದೂ ಹಿಡಿಸಿದೆ. ನಂಗಾದ್ರೆ ಗೊತ್ತಿರ್ಲಿಲ್ಲ."

ನಾನು ಒಂದು ಅಭ್ಯಾಸಕ್ಕೆ ಬಿದ್ದವನ ಹಾಗೆ, "ಬೇರೆ ಥರ ಬರೆದು ನೋಡೋಣ, ಕೂತ್ಕೊಳ್ಳಿ" ಅಂದೆ. ಅವಳು ಕೂತೇ ಇದ್ದಳು.

೪. ಮೊದಲ ಬದಲಿ

ಕೊಲೆಗಾರರನ್ನೇ ತೆಗೆದುಬಿಟ್ಟೆ.

ಸುಲಭ. ಇಬ್ಬರು ಇದ್ದರು, ಇಗರ್ಜಿಯ ಮುಂದಿನ ಕಾರಂಜಿಯ ಕಟ್ಟೆಯ ಮೇಲೆ, ಅಕ್ರೋಟಿನ ಬುಟ್ಟಿ ಇಟ್ಟುಕೊಂಡು ಮಾರುವವರ ಹಾಗೆ ಕೂತವರು. ಬುಟ್ಟಿಯ ತಳದಲ್ಲಿ ಪಿಸ್ತೂಲು. ಅವರ ಹೆಸರು, ಪಕ್ಷ, ಕೋಪ, ದೊರೆ ಮುಚ್ಚಿಸಿದ ಪತ್ರಿಕೆ, ಗಡೀಪಾರಾದ ಅಣ್ಣ, ಎಲ್ಲ ಸೇರಿ ನಾಲ್ಕು ಪ್ಯಾರಾ. ಸೆಲೆಕ್ಟ್, ಡಿಲೀಟ್.

ಆಮೇಲೆ ಶನಿವಾರ ಬೆಳಿಗ್ಗೆಯನ್ನು ಬರೆಯಲು ಹೊರಟೆ. ಗಂಟೆ ಮೊಳಗಿತು. ಜನ ಸತ್ತವರಿಗೆಂದು ಬೇಯಿಸಿದ ಗೋಧಿಯ ತಟ್ಟೆ, ಕೆಂಪು ದ್ರಾಕ್ಷಾರಸ ಹಿಡಿದು ಬಂದರು. ಮಂಜಿನಲ್ಲಿ ಕಾರಂಜಿ ಕಂಡಿತು. ಕಟ್ಟೆಯ ಮೇಲೆ ಇಬ್ಬರು ಕೂತಿದ್ದರು. ಬುಟ್ಟಿ ಇತ್ತು. ನಾನು ಅವರ ಮುಖ ಅಳಿಸಿದ್ದರಿಂದ ಅವರಿಗೆ ಮುಖ ಇರಲಿಲ್ಲ. ಟೋಪಿಯ ಕೆಳಗೆ ಕಾಲರಿನ ತನಕ ಬರೀ ಮಂಜು. ಒಬ್ಬಳು ಮುದುಕಿ ಬಗ್ಗಿ, "ಅಕ್ರೋಟು ಎಷ್ಟಪ್ಪ?" ಅಂತ ಕೇಳಿದಳು. ಯಾವ ಉತ್ತರವೂ ಬರಲಿಲ್ಲ. ಅವಳು ಶಿಲುಬೆಯ ಗುರುತು ಹಾಕಿಕೊಂಡು ಬೇಗ ಬೇಗ ಮೆಟ್ಟಿಲು ಹತ್ತಿದಳು.

"ಮುಖ ಇದ್ದಾಗ್ಲೇ ವಾಸಿ ಇತ್ತು" ಅಂದಳು ಯೆವ್ರೊಸಿಮ. "ವಾಪಸ್ ಹಾಕು."

ಹಾಕಿದೆ. ಪೂರ್ತಿ ಹೊಂದಲಿಲ್ಲ. ಒಬ್ಬನ ಮೀಸೆ ಇನ್ನೊಬ್ಬನಿಗೆ ಹೋಯಿತು ಅನ್ನಿಸುತ್ತದೆ.

೫. ಎರಡನೆಯ ಬದಲಿ

ಇದನ್ನು ಅವಳೇ ಕೇಳಿದಳು.

"ಚೀಟೀಲಿ ಹೆಸ್ರು ಬರೀಲಿಲ್ಲ ಅಂತ ಮಾಡು. ಪಾದ್ರಿ ಆಗಲ್ಲ ಅಂದ್ರು, ನಾನು ಮನೆಗೆ ಬಂದೆ, ರೊಟ್ಟಿ ಸುಟ್ಟೆ. ಅಷ್ಟೆ. ಅವಳು ಮೂವತ್ತು ಹೆಜ್ಜೆ ಹಿಂದೆ ಬರ್ತಿದ್ಲು. ಮೂವತ್ತು ಹೆಜ್ಜೆ ದೂರಕ್ಕೆ ಪಿಸ್ತೂಲು ಸರಿಯಾಗಿ ಹೊಡಿಯಲ್ಲ ಅಂತಾರೆ. ಅವಳು ಉಳೀತಾಳೆ. ಬರಿ."

ಬರೆದೆ.

ಪಾದ್ರಿ ಹೆಸರುಗಳನ್ನು ಓದಿದರು. ಅವರಿಬ್ಬರದ್ದು ಬರಲಿಲ್ಲ. ಕಂಬದ ಪಕ್ಕ ಪೆಲಾಗಿಯ ಕೊನೆಯ ಚೀಟಿಯ ತನಕ ಕಾದಳು. ಆಮೇಲೆ ಮೇಣದಬತ್ತಿಯ ಪೆಟ್ಟಿಗೆಯ ಕಡೆ, ಅಲ್ಲಿ ಉರಿದ ಬುಡಗಳನ್ನು ಕೀಳುತ್ತಿದ್ದ ಹಾಲಿನ ತಾಯಿಯ ಕಡೆ, ನೋಡಿ ಪರವಾಗಿಲ್ಲ ಅನ್ನುವಂತೆ ತಲೆಯಾಡಿಸಿದಳು. ದೊರೆ ಹೊರಗೆ ನಡೆದ. ಅವಳು ಮನಸ್ಸಿನಲ್ಲಿ ಎಣಿಸಿ, ಮೂವತ್ತಾದ ಮೇಲೆ ಹೆಜ್ಜೆಯಿಟ್ಟಳು. ಕಾರಂಜಿಯ ಬಳಿ ಎರಡು ಸದ್ದಾಯಿತು. ದೊರೆ ಬಿದ್ದ. ಪೆಲಾಗಿಯ ಓಡಿದಳು.

ಕಾವಲಿನವನು ಅಡ್ಡ ಕೋಲು ಹಿಡಿದ. "ಅಪ್ಪಣೆ ಇಲ್ಲ ತಾಯಿ. ಇಲ್ಲಿಂದ ಮುಂದಕ್ಕೆ ಅಪ್ಪಣೆ ಇಲ್ಲ" ಅಂದ. ಅವನಿಗೂ ಅಳು ಬರುತ್ತಿತ್ತು, ಆದರೆ ಕೋಲು ಬಿಡಲಿಲ್ಲ. ದೊರೆ ಕಲ್ಲುಹಾಸಿನ ಮೇಲೆ ಸುಮಾರು ಹೊತ್ತು ಬದುಕಿದ್ದ. ಎರಡು ಸಲ ಕೆಮ್ಮಿದ. ಅವಳಿಗೆ ಕೇಳಿಸಿತು. ಅವಳ ಕೈಗೆ ಎಡಕ್ಕೋ ಬಲಕ್ಕೋ ಇಡಲು ಉಪ್ಪಿನ ಬಟ್ಟಲು ಇರಲಿಲ್ಲ.

ಇಷ್ಟು ಬರೆದು ತಿರುಗಿ ನೋಡಿದೆ. ಯೆವ್ರೊಸಿಮ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಬಾಯಿಯ ಸುತ್ತ ಹಿಟ್ಟಿನ ಬೆರಳಚ್ಚು.

"ಆಮೇಲೆ?"

"ಆಮೇಲೆ ಅವಳನ್ನ ದೋಣಿ ಮನೆಗೆ ಕಳಿಸ್ತಾರೆ. ನಲವತ್ತು ವರ್ಷ ಬದುಕ್ತಾಳೆ. ನೀವು ಇರೋ ತನಕ ಪ್ರತಿ ಶನಿವಾರ ನಿಮ್ಮ ಬಾಗಿಲಿಗೆ ಬರ್ತಾಳೆ."

"ಬಂದು?"

"ಯಾಕೆ ಓದಿಸ್ಲಿಲ್ಲ ಅವ್ವಾ ಅಂತ ಕೇಳ್ತಾಳೆ. ಬೇರೇನೂ ಕೇಳಲ್ಲ. ನೀವು ರೊಟ್ಟಿ ಕೊಟ್ರೆ ತಗೊಂಡು ಹೋಗ್ತಾಳೆ."

ಅವಳು ಕೈಯ ಹಿಟ್ಟನ್ನು ಮಡಿಲಿಗೆ ಒರೆಸಿಕೊಂಡಳು. ಆಮೇಲೆ, "ಇದನ್ನ ಹರಿದುಹಾಕು. ಇದರಲ್ಲಿ ಅವಳು ಬದುಕಿದ್ದಾಳೆ, ನಂಗೆ ಗೊತ್ತು. ಆದ್ರೂ ಹರಿದುಹಾಕು" ಅಂದಳು.

(ಕಂಪ್ಯೂಟರಿನಲ್ಲಿ ಹರಿಯುವುದು ಹೇಗೆ ಅಂತ ಅವಳಿಗೆ ವಿವರಿಸಲಿಲ್ಲ. ಪ್ರಿಂಟ್ ತೆಗೆದು ಕೊಟ್ಟೆ. ಅವಳೇ ಹರಿದಳು. ಆ ಚೂರುಗಳನ್ನು ನೆಲಕ್ಕೆ ಬಿಡದೆ ಮಡಿಲಲ್ಲಿ ಕಟ್ಟಿಕೊಂಡಳು.)

೬

ಹಾಗಾದರೆ ನಡೆದದ್ದನ್ನೇ ಬರೆಯಬೇಕು. ಅಜ್ಜ ಈ ಜಾಗಕ್ಕೆ ಬಂದಾಗ ತಂತಿಯನ್ನು ಕಮಾನಿನಿಂದ ಒಂದೇ ಸಮನೆ ಎಳೆಯುತ್ತಿದ್ದ, ಜೇನುಹುಳು ಗೋಡೆಯೊಳಗೆ ಸಿಕ್ಕಿಕೊಂಡ ಹಾಗೆ. ನನ್ನ ಬಳಿ ತಂತಿ ಇಲ್ಲ. ನೀವು ಒಂದು ಕ್ಷಣ ಸುಮ್ಮನಿದ್ದರೆ ಸಾಕು.

ಶನಿವಾರ ಬೆಳಿಗ್ಗೆ ಯೆವ್ರೊಸಿಮ ಪೆಟ್ಟಿಗೆಯ ಬಳಿ ನಿಂತಿದ್ದಳು. ಕೆಳಗಿನ ಮರಳು ಕಾಣದಷ್ಟು ಬತ್ತಿಗಳು. ಮೇಲಿನ ಮರಳಿನಲ್ಲಿ ಮೂರೋ ನಾಲ್ಕೋ. ಪಾದ್ರಿ ಮಾಕ್ಸಿಮ್ ಕಟ್ಟಿದ ಮೂಗಿನಲ್ಲಿ ಹೆಸರು ಓದುತ್ತಾ ಹೋದರು. ಒಂದೊಂದು ಮನೆಯ ಹೆಸರು ಬಂದಾಗ ಆ ಮನೆಯವರು ಇದ್ದಲ್ಲೇ ತಲೆ ಬಾಗಿಸುತ್ತಿದ್ದರು, ಗಾಳಿ ಗೋಧಿಯ ಹೊಲದ ಮೇಲೆ ಅಲ್ಲಲ್ಲಿ ಕೈಯಾಡಿಸಿದ ಹಾಗೆ.

"ಸ್ಪಿರಿದೋನ್. ನೆದ."

ಯೆವ್ರೊಸಿಮ ತಲೆ ಬಾಗಿಸಿದಳು.

"ದಮ್ಯಾನ್. ಪೆಲಾಗಿಯ."

ಪಾದ್ರಿಯ ಬಾಯಿ ಮುಂದಿನ ಚೀಟಿಗೆ ಹೋಗಿಯೇ ಬಿಟ್ಟಿತ್ತು. ಕಣ್ಣು ಮಾತ್ರ ಹಿಂದಕ್ಕೆ ಬಂತು. ಅಷ್ಟರಲ್ಲಿ ಮೂರು ಹೆಸರು ಕಳೆದಿದ್ದವು. ಅವರು ನಿಲ್ಲಿಸಲಿಲ್ಲ.

ಆ ಎರಡು ಹೆಸರಿಗೆ ಇಗರ್ಜಿಯಲ್ಲಿ ಬೇರೆ ಯಾರೂ ತಲೆ ಬಾಗಿಸಲಿಲ್ಲ. ಆದರೆ ಮುಂದಿನ ಪೀಠದ ಮೇಲೆ ದೊರೆ ದಮ್ಯಾನ್ ತಲೆ ಎತ್ತಿದ. ಮೆಲ್ಲಗೆ ಹಿಂದಕ್ಕೆ ತಿರುಗಿದ. ಇಗರ್ಜಿಯುದ್ದಕ್ಕೂ ಅಷ್ಟು ಜನರ ತಲೆಗಳ ಮೇಲಿಂದ ಬಾಗಿಲ ಪಕ್ಕದ ಕಂಬವನ್ನು ನೋಡಿದ. ಕಂಬದ ಬಳಿ ಪೆಲಾಗಿಯ ಎರಡೂ ಕೈಯಲ್ಲಿ ಬಾಯಿ ಒತ್ತಿಕೊಂಡಿದ್ದಳು. ನಗುತ್ತಿದ್ದಳು. ಅವನು ಕೆಮ್ಮಿದ. ಅವಳ ಭುಜ ಇನ್ನೂ ಕುಣಿಯಿತು.

ಅದು ಯಾವ ಚೀಟಿ ಅಂತ ಅವರಿಗೆ ಗೊತ್ತಿರಲಿಲ್ಲ ಅನ್ನಬೇಡಿ. ಆ ದಿನ ಓದುತ್ತಿದ್ದದ್ದೇ ಸತ್ತವರ ಹೆಸರು. ಗೊತ್ತಿದ್ದೇ ನಕ್ಕರು. ಎಂಟು ವರ್ಷ ಅರಮನೆಯವರು ಮುಚ್ಚಿದ ಬಾಗಿಲುಗಳ ನಡುವೆ ತಮ್ಮ ಮುದುಕಿ ಹಿತ್ತಿಲ ಬಾಗಿಲೊಂದನ್ನು ತೆಗೆದಿದ್ದಾಳೆ ಅಂತ ಮಕ್ಕಳ ಹಾಗೆ ನಕ್ಕರು.

ಪ್ರಾರ್ಥನೆ ಮುಗಿಯಿತು. ದೊರೆ ಪೀಠದಿಂದಿಳಿದು ನಡೆದು ಬಂದ. ಬಾಗಿಲ ಬಳಿ ನಿಂತ. ಹಿಂದಿನಿಂದ ಅಧಿಕಾರಿಯೊಬ್ಬ ಮೆಲ್ಲಗೆ, "ಪ್ರಭು, ಗಾಡಿ" ಅಂದ.

"ಗಾಡಿ ಕಾಯ್ಲಿ" ಅಂದು ದೊರೆ ಕಂಬದ ಕಡೆಗೆ ಮೊಣಕೈ ಚಾಚಿದ. "ಬಾ, ನಮ್ಮಿಬ್ರನ್ನ ಆಗ್ಲೇ ಹೂತುಬಿಟ್ರಲ್ಲ. ಸತ್ತೋರಿಗೆ ಯಾರು ಸುತ್ತೋಲೆ ಕಳಿಸ್ತಾರೆ?"

ಅವಳು ಅವನ ತೋಳು ಹಿಡಿದಳು.

ಯೆವ್ರೊಸಿಮ ಎಂಟು ವರ್ಷದಿಂದ ಪ್ರತಿ ಸಲ ಆ ಮೂವತ್ತು ಹೆಜ್ಜೆಯನ್ನು ಮನಸ್ಸಿನಲ್ಲಿ ಎಣಿಸುತ್ತಿದ್ದವಳು. ಅಂದೂ ಎಣಿಸಲು ಹೋದಳು. ಎಣಿಸಲು ಏನೂ ಇರಲಿಲ್ಲ. ತೆರೆದ ಬಾಗಿಲಿನಲ್ಲಿ ಎರಡು ಬೆನ್ನು, ಒಂದಕ್ಕೊಂದು ತಾಗಿಕೊಂಡು, ಮಂಜಿನ ಬೆಳಕಿಗೆ ಇಳಿಯುತ್ತಿದ್ದವು. ಕಾವಲಿನವನು ಕೋಲು ಎಲ್ಲಿ ಹಿಡಿಯಬೇಕು ಅಂತ ತಿಳಿಯದೆ ಬದಿಗೆ ಸರಿದ. ಅವಳ ಕೈಯಲ್ಲಿ ಮೇಲಿನ ಮರಳಿಗೆ ಇಡಬೇಕೆಂದು ತಂದ ಎರಡು ಬತ್ತಿಗಳಿದ್ದವು. ಈಗಲೇ ಹಚ್ಚಿಬಿಡೋಣ, ಈಗಲೇ, ಅಂತ ಅವಸರದಲ್ಲಿ ಹೊರಳಿದಳು.

ಎರಡು ಸದ್ದು. ಆಮೇಲೆ ಕಲ್ಲುಹಾಸಿನ ಮೇಲೆ ಅಕ್ರೋಟುಗಳು ಉರುಳಿದ ಸದ್ದು. ತುಂಬಾ ಹೊತ್ತು ಉರುಳಿದವು.

ಮೊದಲ ಗುಂಡು ದೊರೆಗೆ. ಎರಡನೆಯದ್ದೂ ದೊರೆಗೇ ಗುರಿಯಿಟ್ಟದ್ದು. ಅವನ ಪಕ್ಕದಲ್ಲಿ ಯಾವತ್ತೂ ಯಾರೂ ಇರುತ್ತಿರಲಿಲ್ಲ ಅಂತ ಹೊಡೆದವನಿಗೆ ಗೊತ್ತಿತ್ತು. ಅಂದು ಇದ್ದಳು.

೭

"ಅಷ್ಟೇ ಬರ್ದಿದ್ಯಾ?" ಅಂತ ಯೆವ್ರೊಸಿಮ ಕೇಳಿದಳು.

"ಅಷ್ಟೇ."

"ನಾನು ಕೊಂದೆ ಅಂತ ಬರೀಲಿಲ್ಲ."

"ಇಲ್ಲ."

"ನಾನು ಕೊಲ್ಲಲಿಲ್ಲ ಅಂತಾನೂ ಬರೀಲಿಲ್ಲ."

"ಅದನ್ನೂ ಬರೀಲಿಲ್ಲ."

"ನಿನ್ನ ಅಜ್ಜನಿಗಿಂತ ನೀನು ಕಷ್ಟದೋನು" ಅಂದಳು. "ಅವನು ಬರೀ ಜಾಗ ಇಲ್ಲ ಅಂದ."

ನಾನು ಅವಳಿಗೆ ಕಾಫಿ ಬಗ್ಗಿಸಿ ಕೊಟ್ಟೆ. ಕುಡಿಯಲಿಲ್ಲ, ಲೋಟವನ್ನು ಕೈ ಬಿಸಿಗೆ ಹಿಡಿದುಕೊಂಡಳು.

೮

ಕಥೆ ಇಲ್ಲಿ ಮುಗಿಯಬೇಕಿತ್ತು. ಮುಗಿಯದೇ ಇರುವುದಕ್ಕೆ ಕಾರಣ ನಾನಲ್ಲ, ಒಂದು ಕಾಗದ.

ಬುಧವಾರ ಅರಮನೆಯಿಂದ ಹೊಸ ಸುತ್ತೋಲೆ ಬಂತು. ದೊರೆಯನ್ನು ಇಗರ್ಜಿಯೊಳಗೆ ಪೂರ್ವಜರ ನೆಲಮಾಳಿಗೆಯಲ್ಲಿ, ಅವನ ಹೆಂಡತಿಯನ್ನು ಹೊರಗೆ ಗೋಡೆಯಾಚೆ ಹೂಳತಕ್ಕದ್ದು. ದೂರ: ಮೂವತ್ತು ಹೆಜ್ಜೆ. ಯಾರೋ ಬಂದು ಅಳೆದು ಗೂಟ ಹೊಡೆದು ಹೋದರು. ಮತ್ತು, ಸತ್ತವರ ಚೀಟಿಯಲ್ಲಿಯೂ ಇನ್ನು ಮುಂದೆ ಈ ಎರಡು ಹೆಸರನ್ನು ಒಟ್ಟಿಗೆ ಓದತಕ್ಕದ್ದಲ್ಲ.

ಪಾದ್ರಿ ಮಾಕ್ಸಿಮ್ ಅದನ್ನು ಓದಿ ಹೇಳುವಾಗ ಯೆವ್ರೊಸಿಮ ಹಿಟ್ಟು ನಾದುತ್ತಿದ್ದಳು. ನಾದುವುದನ್ನು ನಿಲ್ಲಿಸಲಿಲ್ಲ.

"ಸತ್ತೋರ ಚೀಟೀಲಿ ಅಂತಾನೇ ಇದ್ಯಾ ಸ್ವಾಮಿ?"

"ಹೂಂ ಕಣವ್ವ."

"ಬದುಕಿರೋರ ಚೀಟಿ ಬಗ್ಗೆ?"

"ಹಳೇ ಸುತ್ತೋಲೆ ರದ್ದು ಅಂತ ಇದೆ. ಸತ್ತ ಮೇಲೆ ಅದ್ಯಾತಕ್ಕೆ?"

ಪಾದ್ರಿ ಅವಳನ್ನು ನೋಡಿದರು. ಅವಳು ಪಾದ್ರಿಯನ್ನು ನೋಡಿದಳು. ನೆಗಡಿ ವಾಸಿಯಾಗಿತ್ತು. ಆದರೂ ಅವರು ಕರ್ಚೀಪು ತೆಗೆದು ಮೂಗು ಒರೆಸಿಕೊಂಡು, "ನಂಗೆ ಈ ನಡುವೆ ಕಣ್ಣೂ ಸರಿಯಾಗಿ ಕಾಣಲ್ಲ ಯೆವ್ರೊಸಿಮವ್ವ. ಕೊಟ್ಟಿದ್ದನ್ನ ಓದ್ತೀನಿ" ಅಂದರು.

ಮುಂದಿನ ಭಾನುವಾರ ಬದುಕಿರುವವರ ಹೆಸರುಗಳ ನಡುವೆ, ಕುಂಬಾರನ ಮನೆಯವರಾದ ಮೇಲೆ, ಗಟ್ಟಿಯಾಗಿ ಬಂತು: ದಮ್ಯಾನ್, ಪೆಲಾಗಿಯ. ತಟ್ಟೆಯಲ್ಲಿ ಎರಡು ಚೂರು, ಮೇಲಿನ ಸಾಲಿನಲ್ಲಿ, ಅಕ್ಕಪಕ್ಕ. ಅದರ ಮುಂದಿನ ಭಾನುವಾರವೂ. ಸತ್ತವರ ಚೀಟಿಯಲ್ಲಿ ಅವರನ್ನು ಬರೆಯುವವರು ಯಾರೂ ಇರಲಿಲ್ಲ. ಅರಮನೆಯವರು ಅವಳದ್ದನ್ನು ಬರೆಯಲಿಲ್ಲ. ದೊರೆಯದ್ದನ್ನು ಬರೆಯುವುದು ಅವನ ತಮ್ಮನ ಕೆಲಸ, ಅವನಿಗೆ ಸಿಂಹಾಸನದ ಗಡಿಬಿಡಿ. ಹೀಗಾಗಿ ಸ್ತುದೆನಾಟ್ಸ್‌ನ ಇಗರ್ಜಿಯ ಮಟ್ಟಿಗೆ ಆ ಇಬ್ಬರೂ ಸಾಯಲೇ ಇಲ್ಲ.

ಅದರಿಂದ ಏನಾಯಿತು ಅಂತ ನಾನು ಹೇಳುವುದಿಲ್ಲ. ಮಂಜಿನ ಬೆಳಿಗ್ಗೆಗಳಲ್ಲಿ ಪೂಜೆ ಮುಗಿದ ಮೇಲೆ ಜನ ಬಾಗಿಲ ಬಳಿ ಸುಮ್ಮನೆ ಒಂದು ಗಳಿಗೆ ನಿಲ್ಲುತ್ತಾರೆ, ದಾರಿ ಬಿಡುವವರ ಹಾಗೆ. ಇಬ್ಬರು ದಾಟುವಷ್ಟು ಅಗಲ. ಯಾಕೆ ಅಂತ ಕೇಳಿದರೆ, "ಮೆಟ್ಲು ಜಾರತ್ತೆ, ಅದಕ್ಕೆ" ಅನ್ನುತ್ತಾರೆ. ಮೆಟ್ಟಿಲು ಒಣಗಿದ್ದರೂ ಅನ್ನುತ್ತಾರೆ. ಯಾರಾದರೂ ಹೊಸಬರು ಆ ಗಳಿಗೆಯಲ್ಲಿ ಕೆಮ್ಮಿದರೆ ಎಲ್ಲರೂ ತಿರುಗಿ ನೋಡುತ್ತಾರೆ.

೯, ಅಥವಾ ಮುಗಿಸದಿರುವುದಕ್ಕೆ ಕಾರಣ

ಕಳೆದ ಭಾನುವಾರ ನಾನು ಹೋಗಿದ್ದೆ. ಈಗಿನ ಪಾದ್ರಿ ಚಿಕ್ಕ ವಯಸ್ಸಿನವರು, ಬೇಗ ಬೇಗ ಓದುತ್ತಾರೆ. ಆಪರೇಶನ್ ಆಗಬೇಕಾದವರು, ಪರೀಕ್ಷೆ ಬರೆಯುವವರು, ಜರ್ಮನಿಯಲ್ಲಿ ಲಾರಿ ಓಡಿಸುವವರು, ಎಲ್ಲರ ನಡುವೆ ಆ ಎರಡು ಹೆಸರು ಬಂದವು. ಯಾರ ಮನೆಯ ಚೀಟಿ ಅಂತ ಪಾದ್ರಿಗೂ ಗೊತ್ತಿಲ್ಲ. "ಯಾವಾಗ್ಲೂ ಇರತ್ತೆ. ಹರಿದ್ರೆ ಯಾರೋ ಹೊಸದು ಬರ್ದಿಡ್ತಾರೆ" ಅಂದರು. ತೋರಿಸಿದರು. ನೀಲಿ ಬಾಲ್‌ಪೆನ್ನಿನ ಬರಹ, ಮೂಲೆಯಲ್ಲಿ ಒಂದು ಹಿಟ್ಟಿನ ಬೆರಳಚ್ಚು.

ಕೈಬರಹ ನನ್ನದು. 'ನ' ಅಕ್ಷರಕ್ಕೆ ಬಾಲ ಎಳೆಯುವ ನನ್ನ ಕೆಟ್ಟ ಚಾಳಿ ಹಾಗೇ ಇದೆ. ನಾನು ಬರೆದ ನೆನಪಿಲ್ಲ.

ಈಗ ನನ್ನ ಕಷ್ಟ ನಿಮಗೆ ತಿಳಿಯಿತಲ್ಲ. ಕಥೆಗೆ ಕೊನೆ ಬರೆಯುವುದೆಂದರೆ ಅವರನ್ನು ಒಂದು ಚೀಟಿಯಿಂದ ತೆಗೆದು ಇನ್ನೊಂದಕ್ಕೆ ಹಾಕುವುದು. ಆರನೆಯ ಭಾಗದಲ್ಲಿ ಆಗಲೇ ಹಾಕಿದ್ದೀಯಲ್ಲ ಅಂತ ನೀವು ಕೇಳಬಹುದು. ತಿರುಗಿ ಹೋಗಿ ನೋಡಿ. ಅವರು ಬಿದ್ದರು ಅಂತ ನಾನು ಬರೆದಿಲ್ಲ. ಎರಡು ಸದ್ದು, ಉರುಳುವ ಅಕ್ರೋಟು, ಪಕ್ಕದಲ್ಲಿ ಇದ್ದಳು ಅನ್ನುವುದು. ಅಷ್ಟೇ. ನಾನು ಅಜ್ಜನ ಹಾಡನ್ನು ಕೇಳಿ ಬೆಳೆದವನು. ಯಾವ ಮಾತು ಬಾಯಿಂದ ಹೊರಟರೆ ವಾಪಸ್ ಬರುವುದಿಲ್ಲ ಅಂತ ನನಗೆ ಗೊತ್ತು.

"ಮುಗಿಸ್ಬೇಡ" ಅಂದಳು ಯೆವ್ರೊಸಿಮ. ಎಲ್ಲಿಂದಲೋ ಬಂದು ನನ್ನ ಪಕ್ಕ ನಿಂತಿದ್ದಳು, ತಗಡಿನ ಪೆಟ್ಟಿಗೆಯ ಮುಂದೆ. ಮಡಿಲಲ್ಲಿ ಅವತ್ತು ಹರಿದ ಕಾಗದದ ಚೂರುಗಳು ಇನ್ನೂ ಇದ್ದವು. "ನಿಂಗೆ ಕೈ ಮುಗೀತೀನಿ ಮಗಾ. ಮುಗಿಸ್ಬೇಡ."

"ಓದುವವರು ಕೇಳ್ತಾರೆ ಅವ್ವ."

"ಅವರು ಆಗ್ಲೇ ಓದಿದಾರಲ್ಲ. ಎರಡೂ ಹೆಸ್ರನ್ನ, ಅಕ್ಕಪಕ್ಕ. ಅವಳು ಕೇಳಿದ್ದೂ ಅಷ್ಟೇ."

ನನ್ನ ಕೈಯಲ್ಲಿ ಎರಡು ಬತ್ತಿಗಳಿವೆ. ಹಚ್ಚಿದ್ದೇನೆ. ಕೆಳಗಿನ ಮರಳು ಹತ್ತಿರದಲ್ಲಿದೆ, ಬಗ್ಗಿದರೆ ಸಿಗುತ್ತದೆ. ಮೇಲಿನ ಮರಳಿಗೆ ಕೈ ಎತ್ತಬೇಕು. ಹಿಂದೆ ಜನ ಬಾಗಿಲ ಬಳಿ ಸರಿದು ದಾರಿ ಬಿಡುತ್ತಿರುವ ಸದ್ದು ಕೇಳುತ್ತಿದೆ. ತಿರುಗಿ ನೋಡಿದರೆ ಅಲ್ಲಿ ಯಾರು ದಾಟುತ್ತಿದ್ದಾರೆ ಅಂತ ಬರೆಯಬೇಕಾಗುತ್ತದೆ. ನಾನು ತಿರುಗುತ್ತಿಲ್ಲ.

ಮೇಣ ಕರಗಿ ಬೆರಳಿಗೆ ಇಳಿಯುತ್ತಿದೆ. ಸುಡುತ್ತಿದೆ. ಇಳಿಯಲಿ.